ಗುಂಡನ ಧೈರ್ಯ, ಚುಕ್ಕಿಯ ನಂಬಿಕೆ

ಪ್ರಶ್ನೆ: ಒಂಬತ್ತು ದಿನದ ಹಿಂದೆ ನಮ್ಮ ಕಾಂಪೌಂಡಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೈಪಿನೊಳಗಿಂದ ಎರಡು ಬೆಕ್ಕಿನ ಮರಿಗಳನ್ನು ಹೊರಗೆ ತೆಗೆದೆವು. ಅದಕ್ಕೆ ಮುಂಚೆ ಎರಡು ದಿನ ಕಾದಿದ್ದೆವು, ತಾಯಿ ಬರಲಿಲ್ಲ. ಒಂದು ಗಂಡು, ಕೇಸರಿ ಬಣ್ಣ; ಗುಂಡ ಅಂತ ಕರೆಯುತ್ತೇವೆ. ಇನ್ನೊಂದು ಹೆಣ್ಣು, ಬೂದು ಮೈ, ಹಣೆಯ ಮೇಲೆ ಬಿಳಿ ಮಚ್ಚೆ, ಅದು ಚುಕ್ಕಿ. ಗುಂಡ ಬಂದ ಮಾರನೇ ದಿನವೇ ಕಿಟಕಿಯ ಪರದೆ ಹತ್ತಿದ. ಈಗ ಕೈ ಕಂಡರೆ ಸಾಕು, ಹಾರಿ ಬಂದು ಕಚ್ಚುತ್ತಾನೆ. ಚುಕ್ಕಿ ಪುಸ್ತಕದ ಕಪಾಟಿನ ಹಿಂದೆ ಸೇರಿಕೊಂಡಿದ್ದಾಳೆ, ಕೈ ಚಾಚಿದರೆ ಬುಸ್ ಅನ್ನುತ್ತಾಳೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊರಗೆ ಬಂದು ತಿನ್ನುತ್ತಾಳೆ. ಆಗಲೂ ಗುಂಡ ಅವಳನ್ನು ಕೆಡವಿ ಗೋಳು ಹೊಯ್ದುಕೊಳ್ಳುತ್ತಾನೆ. ಒಂದು ವಿಡಿಯೊ ನೋಡಿ, ಚುಕ್ಕಿಯನ್ನು ಟವೆಲಿನಲ್ಲಿ ಸುತ್ತಿ ದಿನಕ್ಕೆ ಅರ್ಧ ಗಂಟೆ ತೊಡೆಯ ಮೇಲೆ ಇಟ್ಟುಕೊಂಡೆ. ಫಲ ಅಂದರೆ ನನ್ನ ಕೈತುಂಬ ಗಾಯ, ಅಷ್ಟೇ. ತೂಕ ನೋಡಿದೆ: ಗುಂಡ 760 ಗ್ರಾಂ, ಚುಕ್ಕಿ 610. ಒಂದೇ ತಾಯಿಯ ಮಕ್ಕಳು ಹೀಗೇಕೆ? ಚುಕ್ಕಿ ಎಂದಾದರೂ ಪಳಗುತ್ತಾಳಾ? ಮನೆಗೆ ಬಂದವರೆಲ್ಲ ಒಂದನ್ನು ಯಾರಿಗಾದರೂ ಕೊಟ್ಟುಬಿಡಿ ಅನ್ನುತ್ತಿದ್ದಾರೆ. ಕೊಡಲಾ?

ಉತ್ತರ: ಮರಿಗಳ ಮಾತಿಗೆ ಮೊದಲು ನಿಮ್ಮ ಕೈಯ ಮಾತು. ಬೀದಿಯಿಂದ ಬಂದ, ಲಸಿಕೆ ಕಾಣದ ಮರಿಗಳು ಕಚ್ಚಿವೆ, ಪರಚಿವೆ. ನೀವಿರುವ ಕಡೆ ರೇಬಿಸ್ ಇದೆ ಎಂದಾದರೆ ಇವತ್ತೇ ವೈದ್ಯರಲ್ಲಿ ಹೋಗಿ. ಮರಿ ಲವಲವಿಕೆಯಿಂದ ಓಡಾಡುತ್ತಿದೆ, ಗಾಯ ಒಣಗಿದೆ ಎಂಬ ಸಮಾಧಾನದಲ್ಲಿ ಕೂರಬೇಡಿ. ಇನ್ನು ಮುಂದೆ ಗಾಯವಾದರೆ ಕೂಡಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅಂದಾಜಿನ ಹದಿನೈದು ನಿಮಿಷ ಸಾಮಾನ್ಯವಾಗಿ ಎರಡೇ ನಿಮಿಷ ಆಗಿರುತ್ತದೆ. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ. ಮೇಲಿನ ತೂತು ಮುಚ್ಚಿಕೊಂಡು ಒಳಗೆ ಕೀವಾಗುವುದು ಅಪರೂಪವಲ್ಲ. ಊತ, ಕೆಂಪು, ಸೆಳೆತ ಕಂಡರೆ ಅದಕ್ಕೂ ವೈದ್ಯರೇ ಬೇಕು.

ಈಗ ಗುಂಡ, ಚುಕ್ಕಿ.

ಒಂದೇ ತಾಯಿಯ ಮಕ್ಕಳು ನಿಜ, ಆದರೆ ಒಂದೇ ಅಪ್ಪನ ಮಕ್ಕಳು ಎನ್ನಲು ಬರುವುದಿಲ್ಲ. ಹೆಣ್ಣು ಬೆಕ್ಕಿನಲ್ಲಿ ಗಂಡಿನ ಜೊತೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುವುದು. ಬೆದೆಗೆ ಬಂದ ಬೆಕ್ಕು ಆ ಕೆಲವು ದಿನಗಳಲ್ಲಿ ಹಲವು ಗಂಡುಗಳ ಜೊತೆ ಕೂಡುವುದರಿಂದ ಒಂದೇ ಸೂಲಿನಲ್ಲಿ ಇಬ್ಬರು ಮೂವರು ಅಪ್ಪಂದಿರ ಮರಿಗಳು ಇರಬಹುದು. ಬೆಕ್ಕುಗಳು ಒತ್ತಾಗಿ ಬದುಕುವ ನಗರಗಳಲ್ಲಂತೂ ಇದು ತೀರ ಮಾಮೂಲು. ಕೇಸರಿ ಬೆಕ್ಕು ಅಂದರೆ ಪುಂಡ ಬೆಕ್ಕು ಅನ್ನುವವರೂ ನಿಮಗೆ ಸಿಗುತ್ತಾರೆ. ಆ ಬಣ್ಣದ ವಂಶವಾಹಿ ಎಕ್ಸ್ ಕ್ರೋಮೊಸೋಮಿನಲ್ಲಿ ಇರುವುದರಿಂದ ಕೇಸರಿ ಬೆಕ್ಕುಗಳಲ್ಲಿ ಗಂಡುಗಳೇ ಹೆಚ್ಚು, ಸುಮಾರು ಐದರಲ್ಲಿ ನಾಲ್ಕು. ಪುಂಡಾಟಿಕೆಯ ಹೆಸರು ಅಲ್ಲಿಂದ ಬಂದಿರಬೇಕು ಎಂದು ನನ್ನ ಗುಮಾನಿ. ಬಣ್ಣ ನೋಡಿ ಗುಣ ಹೇಳುವುದನ್ನು ನಾನು ಬಿಟ್ಟು ಬಹಳ ವರ್ಷ ಆಯಿತು.

ಅಪ್ಪನ ಮಾತು ತೆಗೆದದ್ದಕ್ಕೆ ಕಾರಣವಿದೆ. ಸಾಂಡ್ರಾ ಮೆಕ್ಯೂನ್ ಎಂಬ ವಿಜ್ಞಾನಿ 1995ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮ್ಮ ಮನೆಯ ಕಥೆಗೇ ಬರೆದಂತಿದೆ. ಸ್ನೇಹದ ಸ್ವಭಾವದ ಗಂಡಿಗೆ ಹುಟ್ಟಿದ ಮರಿಗಳು, ಹಾಗಲ್ಲದ ಗಂಡಿಗೆ ಹುಟ್ಟಿದ ಮರಿಗಳು ಎಂದು ಎರಡು ಬಗೆ. ಎರಡರಲ್ಲೂ ಕೆಲವನ್ನು 2ರಿಂದ 12 ವಾರದ ತನಕ ದಿನವೂ ಕೈಯಲ್ಲಿ ಎತ್ತಿ ಆಡಿಸಿದರು, ಉಳಿದವನ್ನು ಬಿಟ್ಟರು. ಒಂದು ವರ್ಷದ ಪ್ರಾಯದಲ್ಲಿ ಇವುಗಳ ಮುಂದೆ ಪರಿಚಯದ ಮನುಷ್ಯ, ಅಪರಿಚಿತ ಮನುಷ್ಯ, ಜೊತೆಗೆ ಹಿಂದೆಂದೂ ಕಾಣದ ಒಂದು ಡಬ್ಬ ಇಟ್ಟು ನೋಡಿದರು. ಚಿಕ್ಕಂದಿನಲ್ಲಿ ಕೈಯಲ್ಲಿ ಆಡಿದ ಬೆಕ್ಕುಗಳು ಮನುಷ್ಯರ ಹತ್ತಿರ ಬೇಗ ಬಂದವು. ಡಬ್ಬದ ಹತ್ತಿರ ಬೇಗ ಹೋದವು ಮಾತ್ರ ಸ್ನೇಹದ ಅಪ್ಪನ ಮಕ್ಕಳು. ಕೈಯಲ್ಲಿ ಆಡಿದ್ದಕ್ಕೂ ಡಬ್ಬಕ್ಕೂ ಸಂಬಂಧವೇ ಕಾಣಲಿಲ್ಲ. ಅಂದರೆ ಅಪ್ಪನ ಕಡೆಯಿಂದ ಬಂದದ್ದು ಧೈರ್ಯ. ಹೊಸದು ಏನೇ ಇರಲಿ, ಅದು ಮನುಷ್ಯನೋ ಡಬ್ಬವೋ, ನುಗ್ಗಿ ನೋಡುವ ಬುದ್ಧಿ. ಸಾಕುವವರು ಕೊಟ್ಟದ್ದು ಮನುಷ್ಯರ ಮೇಲಿನ ನಂಬಿಕೆ.

ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ನಮ್ಮ ಎಡವಟ್ಟುಗಳೆಲ್ಲ ಶುರುವಾಗುವುದು. ಗುಂಡ ಧೈರ್ಯಸ್ಥ. ಅವನು ನಿಮ್ಮನ್ನು ನಂಬುತ್ತಾನೆ ಎಂದು ನೀವು ತಿಳಿದಿದ್ದೀರಿ, ಆದರೆ ಅದನ್ನು ಇನ್ನೂ ಯಾರೂ ಪರೀಕ್ಷಿಸಿಲ್ಲ. ಅವನಿಗೆ ನಿಮ್ಮ ಕೈ ಪರದೆಯ ಹಾಗೆಯೇ ಹತ್ತಲು, ಕಚ್ಚಲು ಇರುವ ಇನ್ನೊಂದು ವಸ್ತು. ಚುಕ್ಕಿ ಅಂಜುಬುರುಕಿ. ಅವಳು ಮಿಕ್ಸರ್ ಸದ್ದಿಗೆ, ಕರೆಗಂಟೆಗೆ ಬಹುಶಃ ಆಯುಷ್ಯವಿಡೀ ಮಂಚದ ಕೆಳಗೆ ಓಡುತ್ತಾಳೆ. ಅದನ್ನು ತಿದ್ದಲು ಹೋಗಬೇಡಿ. ಆದರೆ ಓಡಿಹೋದವಳು ಅರ್ಧ ಗಂಟೆಯ ಮೇಲೆ ಹೊರಗೆ ಬಂದು ನಿಮ್ಮ ಪಕ್ಕದಲ್ಲೇ ಮಲಗುವ ಹಾಗೆ ಮಾಡಬಹುದು. ಅದು ನಿಮ್ಮ ಕೈಲಿದೆ, ಇನ್ನೂ ಹೊತ್ತು ಮೀರಿಲ್ಲ.

ಹೊತ್ತಿನ ಲೆಕ್ಕ ಹೀಗೆ. ಮರಿಗಳು ಮನುಷ್ಯರನ್ನು ತಮ್ಮವರು ಎಂದು ಸುಲಭವಾಗಿ ಒಪ್ಪುವ ಅವಧಿ 2ರಿಂದ 7 ವಾರ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 3 ವಾರದಿಂದಲೇ ಎತ್ತಿ ಆಡಿಸಿದ ಮರಿಗಳು 7 ವಾರದ ಮೇಲೆ ಶುರು ಮಾಡಿದವುಗಳಿಗಿಂತ ಹೆಚ್ಚು ಹೊತ್ತು ಮನುಷ್ಯರ ತೊಡೆಯ ಮೇಲೆ ಉಳಿಯುತ್ತಿದ್ದವು. ಆರೋಗ್ಯದ ಮರಿ ಒಂದು ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರುತ್ತದೆ. ನೀವು ಕೊಟ್ಟ ತೂಕ ನೋಡಿದರೆ ನಿಮ್ಮವು ಆರೂವರೆ ಏಳು ವಾರದವು. ಖಾತ್ರಿ ಬೇಕಿದ್ದರೆ ಕಣ್ಣು ನೋಡಿ: ಎಳೆಮರಿಯ ನೀಲಿ ಬಣ್ಣ 6-7 ವಾರದ ಹೊತ್ತಿಗೆ ಅಳಿಯತೊಡಗಿ ಹಸಿರೋ ಹಳದಿಯೋ ಇಣುಕುತ್ತದೆ. ಗುಂಡ ಕಚ್ಚಲು ಬಾಯಿ ತೆರೆದಾಗ ಒಳಗೆ ನೋಡಿ, ಹಿಂದಿನ ಹಾಲುಹಲ್ಲುಗಳೂ ಮೂಡಿರಬೇಕು. ಹಾಗಾದರೆ ಆ ಬಾಗಿಲು ಮುಚ್ಚುತ್ತಾ ಬಂದಿದೆ, ಬೀಗ ಬಿದ್ದಿಲ್ಲ. ಏಳನೇ ವಾರದ ಮೇಲೂ ಮರಿಗಳು ಪಳಗುತ್ತವೆ; ತಾಳ್ಮೆ ಜಾಸ್ತಿ ಬೇಕು, ಅಷ್ಟೇ.

ಆದರೆ ಪಳಗಿಸುವ ಮುಂಚೆ ಒಂದು ಕೆಲಸ ಬಾಕಿ ಇದೆ. ಚುಕ್ಕಿ ಹೆದರಿದ್ದಾಳೆ ಎಂದು ನಿಮಗೆ ಹೇಗೆ ಗೊತ್ತು? ಮೂಲೆ ಸೇರುವುದು, ಮುಟ್ಟಲು ಬಿಡದಿರುವುದು, ಕಡಿಮೆ ತಿನ್ನುವುದು, ಇವೆಲ್ಲ ನೋವಿನ ಲಕ್ಷಣವೂ ಹೌದು. ನಾನೇ ಒಮ್ಮೆ ಇದರಲ್ಲಿ ಸೋತಿದ್ದೇನೆ. ಮೂರು ಮರಿಗಳ ಒಂದು ಗುಂಪಿನಲ್ಲಿ ಒಂದು ಸದಾ ರಟ್ಟಿನ ಪೆಟ್ಟಿಗೆಯ ಹಿಂದೆ ಕೂರುತ್ತಿತ್ತು. ಪಶುವೈದ್ಯೆಯಾಗಿದ್ದೂ ನಾನು ಅದನ್ನು ಪುಕ್ಕಲು ಎಂದು ಬರೆದಿಟ್ಟುಕೊಂಡು, ನಾಲ್ಕು ದಿನ ಅದರ ಮನಸ್ಸು ಗೆಲ್ಲಲು ಹೆಣಗಿದೆ. ಐದನೇ ದಿನ ತೂಕಕ್ಕೆ ಎತ್ತಿದಾಗ ಹಿಂಗಾಲಿನ ಬೆರಳೊಂದು ದ್ರಾಕ್ಷಿಯ ಹಾಗೆ ಊದಿದ್ದು ಕಂಡಿತು. ಬುಡದಲ್ಲಿ ಒಂದು ಎಳೆ ನೂಲು, ಕೂದಲಿನಲ್ಲಿ ಮುಚ್ಚಿಹೋಗಿ, ಚರ್ಮಕ್ಕೆ ಇಳಿದಿತ್ತು. ಕತ್ತರಿಸಿ ತೆಗೆದ ಮೂರನೇ ದಿನ ಆ ಮರಿ ನನ್ನ ಚಪ್ಪಲಿಯ ಮೇಲೆ ಮಲಗಿತ್ತು. ಪುಕ್ಕಲೂ ಇಲ್ಲ, ಮಣ್ಣೂ ಇಲ್ಲ.

ಹಾಗಾಗಿ ಮೊದಲ ಎರಡು ವಾರ ಇಬ್ಬರನ್ನೂ ದಿನಾ ಒಂದೇ ಹೊತ್ತಿಗೆ, ಊಟಕ್ಕೆ ಮುಂಚೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ತೂಕ ಬರೆದಿಡಿ. ಗಂಡು ಸ್ವಲ್ಪ ಭಾರ ಇರುವುದು ಸಹಜ, 150 ಗ್ರಾಂ ಅಂತರ ನೋಡಿ ಗಾಬರಿ ಬೇಡ. ಆದರೆ ಚುಕ್ಕಿಯ ತೂಕ ಎರಡು ದಿನ ಏರದೆ ನಿಂತರೆ, ಒಂದು ದಿನ ಇಳಿದರೂ ಸರಿ, ಅದು ಸ್ವಭಾವದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಸೀನು, ಕಣ್ಣಿನ ಅಂಟು, ಬಿಳಿ ಒಸಡು, ಭೇದಿ, ಕಣ್ಣಿನ ಒಳಮೂಲೆಯ ಪೊರೆ ಮೇಲೆ ಬಂದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಿಗೆ ತೋರಿಸಿ. ಇಷ್ಟು ಚಿಕ್ಕ ಮರಿಗೆ ಒಂದು ದಿನದ ಉಪವಾಸವೂ ಅಪಾಯ. ರಕ್ತದ ಸಕ್ಕರೆ ಕುಸಿಯುತ್ತದೆ. ಎರಡಕ್ಕೂ ಹೇಗಿದ್ದರೂ ಒಮ್ಮೆ ಪೂರ್ತಿ ತಪಾಸಣೆ ಆಗಬೇಕು.

ಟವೆಲಿನ ಮಾತು. ನಿಲ್ಲಿಸಿಬಿಡಿ. ಔಷಧ ಕುಡಿಸಲು, ಉಗುರು ಕತ್ತರಿಸಲು ಟವೆಲು ಒಳ್ಳೆಯದು. ಪ್ರೀತಿ ಮಾಡಲು ಅಲ್ಲ. ತೊಡೆಯ ಮೇಲೆ ಕೊನೆಗೆ ಅವಳು ಅಲುಗಾಡದೆ ಕೂತಿದ್ದರೆ ನಿಮಗೆ ಶಾಂತಳಾದಳು ಅನಿಸಿರುತ್ತದೆ. ಆ ಹೊತ್ತಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ, ಕಿವಿ ಅಡ್ಡಕ್ಕೆ ಬಿದ್ದು, ಮೈ ಮರಗಟ್ಟಿತ್ತೇ, ನೆನಪು ಮಾಡಿಕೊಳ್ಳಿ. ಅದು ಭಯದಲ್ಲಿ ಕಲ್ಲಾಗಿ ಕೂರುವುದು. ತೆನಾಲಿ ರಾಮನ ಬೆಕ್ಕು ಬಾಯಿ ಸುಟ್ಟುಕೊಂಡ ಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿತ್ತಲ್ಲ, ಹಾಗೆ ಚುಕ್ಕಿಗೆ ಈಗ ನಿಮ್ಮ ಕೈ ಬಿಸಿ ಹಾಲು. ಸರಿಮಾಡಬಹುದು. ಆದರೆ ಕೈಯಿಂದ ಶುರು ಮಾಡುವಂತಿಲ್ಲ.

ಮನೆಯ ಅತಿ ಚಿಕ್ಕ, ಸದ್ದು ಕಡಿಮೆಯಿರುವ ಕೋಣೆ ಅವಳಿಗೆ ಕೊಡಿ. ಬಚ್ಚಲುಮನೆಯಾದರೂ ನಡೆಯುತ್ತದೆ, ಒಣಗಿರಬೇಕು, ಬೆಚ್ಚಗಿರಬೇಕು. ಇಡೀ ಮನೆ ಕೊಟ್ಟರೆ ಅಂಜುವ ಮರಿಗೆ ಅದು ಸ್ವಾತಂತ್ರ್ಯವಲ್ಲ, ಕಾಡು. ಕಪಾಟಿನ ಹಿಂದಿನಂಥ, ನೀವು ತಲುಪಲಾಗದ ಸಂದುಗಳೆಲ್ಲ ಮುಚ್ಚಿರಲಿ. ಬದಲಿಗೆ ಒಂದು ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಕೊರೆದು, ನಿಮ್ಮ ಹಳೆಯ ಅಂಗಿ ಹಾಸಿ ಇಡಿ. ಪೆಟ್ಟಿಗೆ ಕೊಟ್ಟರೆ ಅದರಲ್ಲೇ ಕೂತುಬಿಡುತ್ತಾಳೆ ಎಂದು ಕೆಲವರು ಕಿತ್ತುಕೊಳ್ಳುತ್ತಾರೆ. ಆಗುವುದು ತಿರುಗುಮುರುಗು. 2014ರಲ್ಲಿ ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಅರ್ಧಕ್ಕೆ ಅಡಗುವ ಪೆಟ್ಟಿಗೆ ಕೊಟ್ಟು, ಅರ್ಧಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕವುಗಳ ಒತ್ತಡವೇ ಬೇಗ ಇಳಿಯಿತು. ಅಡಗಲು ಜಾಗ ಇದೆ ಎಂಬ ಭರವಸೆಯೇ ಹೊರಗೆ ಬರುವ ಧೈರ್ಯ ಕೊಡುವುದು.

ಈಗ ನೀವು ಮಾಡಬೇಕಾದ್ದು ತೀರ ಸೋಮಾರಿ ಕೆಲಸ. ದಿನಕ್ಕೆ ಮೂರು ನಾಲ್ಕು ಸಲ, ಹತ್ತು ಹದಿನೈದು ನಿಮಿಷ, ಗುಂಡನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂರಿ. ಅವಳ ಕಡೆ ಮುಖ ಮಾಡದೆ ಓರೆಯಾಗಿ ಕೂರಿ. ಪೇಪರ್ ಇದ್ದರೆ ಗಟ್ಟಿಯಾಗಿ ಓದಿ. ಕ್ರಿಕೆಟ್ ಸುದ್ದಿಯಾದರೂ ಅವಳಿಗೆ ಒಂದೇ. ಮೊದಲ ಎರಡು ದಿನ ಊಟದ ತಟ್ಟೆಯನ್ನು ಪೆಟ್ಟಿಗೆಯ ಬಾಯಲ್ಲೇ ಇಟ್ಟು ನೀವು ಆಚೆ ಗೋಡೆಗೆ ಒರಗಿರಿ. ನೀವಿರುವಾಗಲೇ ತಿಂದಳೋ, ಅವತ್ತಿನ ಮಟ್ಟಿಗೆ ಗೆದ್ದಿರಿ, ಮತ್ತೇನೂ ಮಾಡಬೇಡಿ. ಆಮೇಲೆ ಪ್ರತಿ ಊಟಕ್ಕೆ ತಟ್ಟೆಯನ್ನು ಒಂದು ಗೇಣು ನಿಮ್ಮ ಕಡೆ ಸರಿಸಿ. ಬರಲಿಲ್ಲವೇ, ಹಿಂದಿನ ಜಾಗಕ್ಕೇ ಇಡಿ. ಹಟ ಹಿಡಿದು ಉಪವಾಸ ಕೆಡವುವ ಮಾತೇ ಬೇಡ.

ಅವಳು ನೋಡಿದಾಗ ದಿಟ್ಟಿಸಬೇಡಿ. ಕಣ್ಣನ್ನು ನಿಧಾನಕ್ಕೆ ಅರ್ಧ ಮುಚ್ಚಿ, ಪೂರ್ತಿ ಮುಚ್ಚಿ, ನಿಧಾನಕ್ಕೆ ತೆರೆಯಿರಿ. ತಮಾಷೆ ಅನಿಸಬಹುದು. 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿಯೇ ಬರೆದಿದ್ದಾರೆ: ಹಾಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಮಿಟುಕಿಸಿದವು, ಮಿಟುಕಿಸಿದ ಅಪರಿಚಿತನ ಕೈಯ ಹತ್ತಿರ, ಭಾವನೆ ತೋರದ ಮುಖದವನಿಗಿಂತ ಹೆಚ್ಚಾಗಿ ಬಂದವು.

ಮೂರು ನಾಲ್ಕು ದಿನಕ್ಕೆ ಉದ್ದ ಹಿಡಿಯ ಚಮಚ ತನ್ನಿ. ಬೇಯಿಸಿ ನುಣ್ಣಗೆ ಅರೆದ ಕೋಳಿ ಮಾಂಸ ಸಾಕು. ಉಪ್ಪು ಮಸಾಲೆ ಬೇಡ, ಈರುಳ್ಳಿ ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ. ಇದು ಲಂಚಕ್ಕೆ ಮಾತ್ರ, ಹೊಟ್ಟೆ ತುಂಬಲು ಮರಿಗಳಿಗೆಂದೇ ತಯಾರಾದ ಆಹಾರ ಇರಬೇಕು. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ. ಚಮಚದ ತುದಿಯಲ್ಲಿ ಲಂಚ ಹಚ್ಚಿ ನೆಲದ ಮಟ್ಟದಲ್ಲಿ ಚಾಚಿ ಹಿಡಿಯಿರಿ. ಮೊದಲು ಬುಸ್ ಅನ್ನುತ್ತಾಳೆ. ಬೈಗುಳ ಅಂತ ತಿಳಿಯಬೇಡಿ, ‘ಇಷ್ಟಕ್ಕೇ ನಿಲ್ಲು’ ಎಂಬ ಕೋರಿಕೆ ಅದು; ನಿಂತುಬಿಡಿ, ಚಮಚ ಹಿಂದಕ್ಕೂ ಬೇಡ ಮುಂದಕ್ಕೂ ಬೇಡ. ಆಮೇಲೆ ಮೂಗು ಅಲುಗುತ್ತದೆ. ಕತ್ತು ಮಾತ್ರ ಮುಂದೆ ಬಂದು, ಹಿಂಗಾಲು ಪೆಟ್ಟಿಗೆಯೊಳಗೇ ಓಡಲು ತಯಾರಾಗಿ ನೆಟ್ಟಿರುತ್ತದೆ. ನಾಲಿಗೆ ಒಂದು ಸಲ ತಾಗುತ್ತದೆ, ಸರಕ್ಕನೆ ಹಿಂದೆ ಹೋಗುತ್ತದೆ, ಮತ್ತೆ ಬರುತ್ತದೆ. ನೆಕ್ಕುತ್ತಾ ನೆಕ್ಕುತ್ತಾ ಕಣ್ಣು ಮುಚ್ಚಿಕೊಂಡಳು ಅಂದರೆ ಚಮಚವನ್ನು ನಾಳೆಯಿಂದ ಬೆರಳೆರಡು ಗಿಡ್ಡಕ್ಕೆ ಹಿಡಿಯಿರಿ. ಹಾಗೆ ಗಿಡ್ಡವಾಗುತ್ತಾ ಕೊನೆಗೆ ನಿಮ್ಮ ಬೆರಳೇ ಚಮಚ. ಒಂದು ದಿನ ಅವಳು ನೆಕ್ಕುತ್ತಿರುವಾಗ ಇನ್ನೊಂದು ಬೆರಳು ಕೆನ್ನೆಗೆ ತಾಗಲಿ, ಒಂದೇ ಸಲ. ಕೆನ್ನೆ, ಗಲ್ಲ, ಕಿವಿಯ ಬುಡ, ಈ ಜಾಗಗಳಿಂದ ಶುರು. ತಲೆಯ ಮೇಲಿನಿಂದ ಇಳಿಯುವ ಕೈ ಮರಿಗೆ ಹದ್ದಿನ ಹಾಗೆ ಕಾಣುತ್ತದೆ. ಎರಡು ಸವರಿ ನಿಲ್ಲಿಸಿ, ಕೈ ಹಿಂದೆ ತೆಗೆಯಿರಿ, ಮತ್ತೆ ಬೇಕೋ ಅವಳೇ ಹೇಳಲಿ. ಕೆನ್ನೆ ಒತ್ತಿದರೆ ಬೇಕು. ಸುಮ್ಮನೆ ನಿಂತರೆ ಇನ್ನೂ ಯೋಚನೆಯಲ್ಲಿದ್ದಾಳೆ.

ಇದು ಹತ್ತು ದಿನದಲ್ಲಿ ಆಗಬಹುದು, ಆರು ವಾರವೂ ಹಿಡಿಯಬಹುದು. ನಡುವೆ ಒಂದು ದಿನ, ಏನೂ ಕಾರಣವಿಲ್ಲದೆ, ಮೊದಲ ದಿನದ ಹಾಗೆ ಬುಸುಗುಟ್ಟಿ ಒಳಗೆ ಓಡುತ್ತಾಳೆ. ಕಾರಣ ಇರುತ್ತದೆ, ನಮಗೆ ಕೇಳಿಸಿರುವುದಿಲ್ಲ ಅಷ್ಟೇ.

ಗುಂಡನನ್ನು ಈ ಹೊತ್ತಿನಲ್ಲಿ ಹೊರಗಿಡಿ ಎಂದೆನಲ್ಲ, ಅದು ಮುಖ್ಯ. ಎರಡು ಮರಿ ಒಟ್ಟಿಗೇ ಇದ್ದರೆ ಚಮಚಕ್ಕೂ ಕೈಗೂ ಮೊದಲು ಮುಟ್ಟುವವನು ಅವನೇ. ಚುಕ್ಕಿ ತನ್ನ ಪಾಲನ್ನೂ ತನ್ನ ಧೈರ್ಯವನ್ನೂ ಅವನಿಗೆ ಬಿಟ್ಟುಕೊಟ್ಟು ಹಿಂದೆ ಸರಿಯುತ್ತಾಳೆ, ಬೇಕಾದ ಒಡನಾಟವೆಲ್ಲ ಅಣ್ಣನಿಂದಲೇ ಸಿಗುತ್ತದೆ, ಮನುಷ್ಯರ ಗರಜೇ ಬೀಳುವುದಿಲ್ಲ. ಹಾಗಂತ ಪೂರ್ತಿ ಬೇರೆ ಮಾಡಿದರೆ ಅವಳ ಕೈಯಲ್ಲಿದ್ದ ಒಂದೇ ಒಂದು ಆಸರೆ ಹೋಯಿತು. ಬೆಕ್ಕಿನ ಮರಿಗಳು ನೋಡಿ ಕಲಿಯುತ್ತವೆ; 1969ರಲ್ಲಿ ಫಿಲಿಸ್ ಚೆಸ್ಲರ್ ನಡೆಸಿದ ಪ್ರಯೋಗದಲ್ಲಿ ತಾಯಿ ಸನ್ನೆಕೋಲು ಒತ್ತಿ ಆಹಾರ ಪಡೆಯುವುದನ್ನು ನೋಡಿದ ಮರಿಗಳು ತಾವೂ ಬೇಗ ಕಲಿತವು, ಪರಿಚಯವಿಲ್ಲದ ಬೆಕ್ಕನ್ನು ನೋಡಿದವು ನಿಧಾನಕ್ಕೆ, ಯಾರನ್ನೂ ನೋಡದವು ಕಲಿಯಲೇ ಇಲ್ಲ. ತಾಯಿ ಇಲ್ಲದ ಮನೆಯಲ್ಲಿ ಅಣ್ಣನೇ ಮೇಷ್ಟ್ರು. ದಿನಕ್ಕೆ ಒಂದು ಹೊತ್ತು ಗುಂಡನನ್ನು ಚೆನ್ನಾಗಿ ಆಡಿಸಿ ದಣಿಸಿ, ಅವಳ ಕೋಣೆಗೆ ತಂದು, ಅವಳಿಗೆ ಕಾಣುವ ಹಾಗೆ ತೊಡೆಯ ಮೇಲೆ ಹಾಕಿಕೊಂಡು ಸವರಿ. ಅವಳನ್ನು ಕರೆಯಬೇಡಿ. ಪೆಟ್ಟಿಗೆಯೊಳಗಿಂದ ನೋಡುತ್ತಾಳೆ, ಅವನು ಗುರುಗುಟ್ಟುವುದನ್ನು ಕೇಳುತ್ತಾಳೆ, ಅಷ್ಟು ಸಾಕು. ರಾತ್ರಿ ಇಬ್ಬರೂ ಒಟ್ಟಿಗೆ ಮಲಗಲಿ. ಊಟ ಮಾತ್ರ ಬೇರೆ ಬೇರೆ ಕೋಣೆಯಲ್ಲಿ, ದಿನಕ್ಕೆ ನಾಲ್ಕು ಸಲ. ತಟ್ಟೆ ಬೇರೆ ಇಟ್ಟರೆ ಸಾಲದು, ನಡುವೆ ಬಾಗಿಲೇ ಬೇಕು. ಮಲಮೂತ್ರಕ್ಕೆ ಇಡುವ ಮಣ್ಣಿನ ತಟ್ಟೆ, ಅಂದರೆ ಲಿಟರ್ ಬಾಕ್ಸ್, ಇಬ್ಬರಿಗೆ ಮೂರು ಇರಲಿ, ಒಂದು ಅವಳ ಕೋಣೆಯಲ್ಲೇ. ಅದರೊಳಗೆ ಒದ್ದೆಯಾದರೆ ಗಟ್ಟಿ ಉಂಡೆ ಕಟ್ಟುವ ಜಾತಿಯ ಮಣ್ಣು ಸದ್ಯ ಬೇಡ, ಮರಿಗಳು ತಿಂದು ನೋಡುತ್ತವೆ.

ಕೆಡವಿ ಗೋಳು ಹೊಯ್ದುಕೊಳ್ಳುತ್ತಾನೆ ಎಂದಿರಿ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎಂಬ ಗಾದೆ ಬೆಕ್ಕು ಬೆಕ್ಕಿನ ನಡುವೆಯೂ ನಿಜವಾಗುವುದುಂಟು, ಆದರೆ ಹೆಚ್ಚಿನ ಸಲ ನಾವು ಕುಸ್ತಿ ನೋಡಿ ಕೊಲೆ ಅಂದುಕೊಂಡಿರುತ್ತೇವೆ. ಕೆಳಗೆ ಬಿದ್ದವರು ಆಮೇಲೆ ಮೇಲೆ ಬರುತ್ತಾರೆಯೇ? ನಡುನಡುವೆ ನಿಂತು ಮೈ ನೆಕ್ಕಿಕೊಳ್ಳುತ್ತಾರೆಯೇ? ಬಿಡಿಸಿಕೊಂಡು ಓಡಿದವಳು ತಿರುಗಿ ಬಂದು ಅವನ ಬಾಲ ಹಿಡಿಯುತ್ತಾಳೆಯೇ? ಸದ್ದಿಲ್ಲದೆ ನಡೆಯುತ್ತಿದ್ದರೆ ಅದು ಆಟ, ಬಿಡಿ. ಸದಾ ಅವಳೇ ಅಡಿಗೆ ಬಿದ್ದು, ಕಿವಿ ತಲೆಗೆ ಅಂಟಿ, ಬಾಲ ಬ್ರಷ್ಷಿನ ಹಾಗೆ ಊದಿ, ಕಿರುಚಿ, ತಪ್ಪಿಸಿಕೊಂಡ ಮೇಲೆ ತಾಸುಗಟ್ಟಲೆ ಹೊರಗೆ ಬರದಿದ್ದರೆ ಅದು ಆಟವಲ್ಲ. ಆಗ ಇಬ್ಬರ ನಡುವೆ ಒಂದು ರಟ್ಟು ಇಳಿಸಿ ಬಿಡಿಸಿ. ಕೈ ಹಾಕಿದರೆ ನಿಮ್ಮ ಗಾಯದ ಲೆಕ್ಕ ಏರುತ್ತದೆ.

ಇನ್ನು ಗುಂಡ. ಎಲ್ಲರ ಚಿಂತೆಯೂ ಚುಕ್ಕಿಯ ಮೇಲಿರುವುದರಿಂದ ಇಂಥ ಮನೆಗಳಲ್ಲಿ ಹಾಳಾಗುವವನು ಅವನು. ಚುಕ್ಕಿ ಎಂಬ ಸಮಸ್ಯೆ ಕಣ್ಣಿಗೆ ಕಾಣುತ್ತದೆ. ಗುಂಡನ ಕಚ್ಚಾಟ 760 ಗ್ರಾಮಿನಲ್ಲಿ ಮುದ್ದಾಗಿ ಕಾಣುತ್ತದೆ, 5 ಕಿಲೋ ಆದಾಗ ಮುದ್ದಲ್ಲ. ಇವತ್ತಿನಿಂದ ಮನೆಯಲ್ಲಿ ಯಾರ ಬೆರಳೂ, ಹೊದಿಕೆಯೊಳಗಿನ ಯಾರ ಕಾಲೂ ಅವನಿಗೆ ಆಟದ ಸಾಮಾನಲ್ಲ. ಮಕ್ಕಳಿದ್ದರೆ ಅವರಿಗೂ ಇದೇ ನಿಯಮ. ನನ್ನ ಅನುಭವದಲ್ಲಿ ಮುರಿಯುವವರು ಮಕ್ಕಳಲ್ಲ, ಮನೆಯ ಗಂಡಸರು. ಕೋಲಿನ ತುದಿಗೆ ದಾರ, ದಾರಕ್ಕೆ ಬಟ್ಟೆಯ ಚೂರು ಕಟ್ಟಿ, ಇಲಿಯಂತೆ ನೆಲದ ಮೇಲೆ ಹರಿದಾಡಿಸಿ. ಬೆಕ್ಕಿನ ಮುಖಕ್ಕೆ ಹೋಗಿ ಕುಣಿಯುವ ಇಲಿ ಲೋಕದಲ್ಲಿಲ್ಲ, ದೂರ ಓಡುವಂತೆ ಆಡಿಸಿ. ಐದಾರು ನಿಮಿಷ ಓಡಿಸಿ, ಕೊನೆಗೆ ಹಿಡಿಯಲು ಬಿಟ್ಟು, ಹಿಡಿದ ಕೂಡಲೇ ಊಟ ಇಡಿ. ಬೇಟೆ, ಊಟ, ಮೈ ನೆಕ್ಕಿ ನಿದ್ದೆ, ಇದು ಅವನ ಮೈಯಲ್ಲೇ ಇರುವ ತಾಳ. ಅದು ಪೂರ್ತಿಯಾದರೆ ನಿಮ್ಮ ಕಣಕಾಲು ಉಳಿಯುತ್ತದೆ. ಆಟ ಮುಗಿದ ಮೇಲೆ ದಾರ ಬೀರುವಿನೊಳಗೆ. ದಾರ, ನೂಲು, ಕೂದಲಿಗೆ ಹಾಕುವ ರಬ್ಬರ್ ನುಂಗಿದರೆ ಕರುಳು ನೆರಿಗೆಗಟ್ಟಿ ಶಸ್ತ್ರಚಿಕಿತ್ಸೆಯ ತನಕ ಹೋಗುತ್ತದೆ. ಇಂಥ ಅನಾಹುತಗಳು ಧೈರ್ಯದ ಮರಿಗಳ ಪಾಲಿಗೇ ಜಾಸ್ತಿ: ಜಾಲರಿ ಇಲ್ಲದ ಕಿಟಕಿ, ಬಾಗಿಲು ತೆರೆದ ವಾಷಿಂಗ್ ಮಷೀನ್, ಮೇಜಿನ ಮೇಲೆ ಬಿಟ್ಟ ಪ್ಯಾರಾಸಿಟಮಾಲ್. ಆ ಒಂದು ಮಾತ್ರೆ ದೊಡ್ಡ ಬೆಕ್ಕನ್ನೇ ಕೊಲ್ಲಬಹುದು.

ಕಚ್ಚಿದಾಗ ಕೈ ಎಳೆಯಬೇಡಿ, ಎಳೆದರೆ ಬೇಟೆ ಓಡಿದಂತೆ. ಕೈಯನ್ನು ಸತ್ತ ಹಾಗೆ ಬಿಡಿ. ಹಿಡಿತ ಸಡಿಲವಾದ ಕೂಡಲೇ ಮಾತಿಲ್ಲದೆ ಎದ್ದು ಹೋಗಿ. ಹೊಡೆಯುವುದು, ಮುಖಕ್ಕೆ ನೀರು ಚಿಮುಕಿಸುವುದು ಬೇಡ. ಅದರಿಂದ ಕಚ್ಚುವುದು ನಿಲ್ಲದೆ, ನೀವು ಭಯದ ವಸ್ತುವಾಗುತ್ತೀರಿ. ಆಗ ಮನೆಯಲ್ಲಿ ಎರಡು ಚುಕ್ಕಿ ಆದಂತೆ. ಪರದೆಯ ಬದಲು ಅಲುಗಾಡದ ಒಂದು ಮರದ ಕಂಬಕ್ಕೆ ಸೆಣಬಿನ ಹಗ್ಗ ಸುತ್ತಿ, ಪರದೆಯ ಪಕ್ಕದಲ್ಲೇ ನಿಲ್ಲಿಸಿ. ಮತ್ತೆ, ಅವನ ನಂಬಿಕೆಯನ್ನೂ ಕಟ್ಟಬೇಕಲ್ಲ: ನಿದ್ದೆ ತೂಗುವ ಹೊತ್ತಿನಲ್ಲಿ ದಿನಾ ಪಾದ ಒತ್ತಿ ಉಗುರು ಹೊರತರುವುದು, ಕಿವಿ ನೋಡುವುದು, ತುಟಿ ಎತ್ತುವುದು, ಪ್ರತಿಯೊಂದಕ್ಕೂ ಒಂದು ತುಣುಕು ತಿಂಡಿ. ಧೈರ್ಯದ ಬೆಕ್ಕು ಮುಟ್ಟಲು ಬಿಡದಿದ್ದರೆ ನನ್ನಂಥವರಿಗೆ ಅಂಜುವ ಬೆಕ್ಕಿಗಿಂತ ಕಷ್ಟ.

ಒಂದನ್ನು ಕೊಡಲಾ ಎಂದು ಕೇಳಿದ್ದೀರಿ. ಈಗ ಬೇಡ. ಕಚ್ಚಿದರೆ ಎಷ್ಟು ನೋಯುತ್ತದೆ ಎಂಬ ಪಾಠವನ್ನು ಗುಂಡನಿಗೆ ಕಲಿಸಬಲ್ಲವಳು ಚುಕ್ಕಿ ಒಬ್ಬಳೇ. ಚೀರಿ, ಆಟ ಬಿಟ್ಟು ಹೋಗುವ ಮೂಲಕ ಕಲಿಸುತ್ತಾಳೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ ಸುಮಾರು 5,700 ಸಾಕುಬೆಕ್ಕುಗಳ ಮಾಹಿತಿ ನೋಡಿದಾಗ, 8 ವಾರ ತುಂಬುವ ಮೊದಲೇ ತಾಯಿಯಿಂದ ಬೇರೆಯಾದವುಗಳಲ್ಲಿ ಸಿಟ್ಟಿನ ವರ್ತನೆ ಹೆಚ್ಚಾಗಿ ಕಂಡಿತು. 14 ವಾರದ ತನಕ ಕಾದರೆ ಒಳ್ಳೆಯದು ಎಂದು ಅವರು ಹೇಳಿದರು. ನಿಮ್ಮ ಮರಿಗಳಿಗೆ ತಾಯಿ ಹೇಗೂ ಹೋಯಿತು, ಒಡಹುಟ್ಟನ್ನಾದರೂ ಉಳಿಸಿ. ಕೊಡಲೇಬೇಕಾದರೆ 14 ವಾರ ಆಗಲಿ, ಸಾಧ್ಯವಾದರೆ ಜೋಡಿಯಾಗಿ ಹೋಗಲಿ. ಗುಂಡನನ್ನು ಕೇಳಿಕೊಂಡು ಬರುವವರು ಬಹಳ ಮಂದಿ ಸಿಗುತ್ತಾರೆ, ಚುಕ್ಕಿಯನ್ನು ಕೇಳುವವರು ಇರುವುದಿಲ್ಲ. ಆ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಔಷಧದ ಬಾಬತ್ತು ಚುಟುಕಾಗಿ. ಜಂತುಹುಳುವಿನ ಔಷಧ ತೂಕ ನೋಡಿ 8 ವಾರದ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಬೆಕ್ಕಿನ ಮೂಲ ಲಸಿಕೆ 6-8 ವಾರಕ್ಕೆ ಶುರುವಾಗಿ 3-4 ವಾರಕ್ಕೊಮ್ಮೆ. ಕೊನೆಯದು 16 ವಾರ ತುಂಬಿದ ಮೇಲೆಯೇ ಬೀಳಬೇಕು, ಏಕೆಂದರೆ ಅಲ್ಲಿಯವರೆಗೆ ತಾಯಿಯಿಂದ ಬಂದ ರೋಗನಿರೋಧಕಗಳು ಲಸಿಕೆಯನ್ನೇ ಅಡಗಿಸಬಹುದು. ರೇಬಿಸ್ ಲಸಿಕೆ 12 ವಾರಕ್ಕೆ. ಚಿಗಟ ಕಂಡರೆ ನಾಯಿಗೆ ಹಾಕುವ ಹನಿಯೌಷಧ ಹಾಕಲೇಬೇಡಿ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ನಡುಗಿ ಸಾಯುತ್ತದೆ. ಇನ್ನೊಂದು, ಇವರಿಬ್ಬರೂ ಅಣ್ಣತಂಗಿ ಎಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಚುಕ್ಕಿ 4 ತಿಂಗಳಿಗೇ ಬೆದೆಗೆ ಬರಬಹುದು. ಇಬ್ಬರಿಗೂ 5 ತಿಂಗಳು ತುಂಬುವ ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿಬಿಡಲಿ.

ಚುಕ್ಕಿಯ ಕೋಣೆಯ ಬಾಗಿಲು ಯಾವಾಗ ತೆರೆಯಬೇಕು ಎಂದು ನೀವು ಕೇಳಿಲ್ಲ, ಕೇಳುತ್ತೀರಿ. ನೀವು ಒಳಗೆ ಹೋದಾಗ ಅವಳು ಬಾಲವನ್ನು ಕೋಲಿನಂತೆ ನೆಟ್ಟಗೆ ಎತ್ತಿಕೊಂಡು ಎದುರು ಬರಲಿ, ಅದೂ ಮೂರು ದಿನ ಸಾಲಾಗಿ. ಆಮೇಲೆ ಒಂದು ಸಂಜೆ, ಗುಂಡ ಊಟ ಮಾಡಿ ಮಲಗಿದ್ದಾಗ, ಬಾಗಿಲನ್ನು ಒಂದು ಗೇಣು ತೆರೆದಿಟ್ಟು ನೀವು ನಿಮ್ಮ ಕೆಲಸ ನೋಡಿಕೊಳ್ಳಿ. ಹೊಸ್ತಿಲ ತನಕ ಬಂದು, ಆಚೆ ಮೂಗು ಚಾಚಿ, ವಾಪಸು ಹೋಗಬಹುದು. ಹೋಗಲಿ, ಬಾಗಿಲು ಹಾಗೆಯೇ ಇರಲಿ. ಅದಕ್ಕೆ ಮೊದಲು ಆ ಪುಸ್ತಕದ ಕಪಾಟಿನ ಹಿಂದಿನ ಸಂದಿಗೆ ಒಂದು ಹಲಗೆ ಬಡಿದಿರಿ.